ಮಾತು ಬಿಟ್ಟ ಮಾವ

“ನನ್ನ ಕಿವಿ ತಪ್ಪಿದ್ದು ಒಂದೇ ಒಂದು ಸಲ. ಅದೂ ನಾನು ಹುಟ್ಟೋಕೆ ಮುಂಚೆ,” ಎಂದು ಎಕ್ಸ್‌ಚೇಂಜ್ ಅಜ್ಜಿ ಹೇಳುತ್ತಿದ್ದಳು. ಕೇಳಿದವರು ನಗುವುದೋ ನಂಬುವುದೋ ತಿಳಿಯದೆ ಒದ್ದಾಡುತ್ತಿರುವಾಗ ಅವಳೇ ಮುಂದುವರಿಸುತ್ತಿದ್ದಳು. “ಆಮೇಲೆ ಇವತ್ತಿನವರೆಗೂ ತಪ್ಪಿಲ್ಲ. ನನ್ನ ಕೈಕೆಳಗೆ ಕಲಿತ ಮಕ್ಕಳ ಕಿವೀನೂ ತಪ್ಪಿಲ್ಲ. ಒಂದೇ ಒಂದು ಸ್ವರ ಬಿಟ್ಟು ನುಡಿಸಿದ ಮಗು ಇದ್ರೆ ಕರ್ಕೊಂಡು ಬನ್ನಿ, ನನ್ನ ಎರಡೂ ಕಿವಿ ಬಿಚ್ಚಿ ನಿಮ್ಮ ಕೈಗೆ ಕೊಡ್ತೀನಿ.”

ಇಷ್ಟು ದೊಡ್ಡ ಮಾತಾಡಲು ಅವಳಿಗೆ ಕಾರಣವಿತ್ತು. ಮೂವತ್ತೊಂದು ವರ್ಷ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಊರಿನ ಬಾಯನ್ನೆಲ್ಲ ಊರಿನ ಕಿವಿಗೆ ಜೋಡಿಸುವ ಕೆಲಸ ಮಾಡಿದ್ದಳು. ತಂತಿಯ ಆ ತುದಿಯಲ್ಲಿ ಯಾರಾದರೂ ಉಸಿರೆಳೆದುಕೊಂಡರೆ ಸಾಕು, ಅದು ಯಾರ ಉಸಿರು, ಅವರು ಬೆಳಿಗ್ಗೆ ಏನು ತಿಂದಿದ್ದಾರೆ, ಯಾರ ಮೇಲೆ ಸಿಟ್ಟಾಗಿದ್ದಾರೆ ಎಂದು ಹೇಳಿಬಿಡುತ್ತಿದ್ದಳಂತೆ. ಪರ ಊರಿನಲ್ಲಿದ್ದೇನೆ ಎಂದು ಹೆಂಡತಿಗೆ ಫೋನು ಮಾಡಿದ ಕಂಟ್ರಾಕ್ಟರೊಬ್ಬನಿಗೆ, “ಸ್ವಾಮಿ, ನಿಮ್ಮ ಹಿಂದೆ ಕೇಳಿಸ್ತಿರೋದು ನಮ್ಮ ಬಸ್‌ಸ್ಟ್ಯಾಂಡಿನ ನಲ್ಲಿ. ಅದೊಂದೇ ನಲ್ಲಿ ನಾಲ್ಕು ಹನಿಗೊಂದು ಸಲ ಬಿಕ್ಕೋದು,” ಎಂದು ನಡುವೆ ಬಾಯಿ ಹಾಕಿ ಒಂದು ಸಂಸಾರವನ್ನು ಉಳಿಸಿದ್ದಳು. ಮುರಿದಳು ಎನ್ನುವವರೂ ಇದ್ದರು.

ಆಮೇಲೆ ಎಕ್ಸ್‌ಚೇಂಜಿಗೆ ಯಂತ್ರ ಬಂತು, ಅವಳು ಮನೆಗೆ ಬಂದಳು. ಮನೆಯಲ್ಲಿ ಇದ್ದವನು ಅವಳ ತಮ್ಮ ಒಬ್ಬನೇ. ಅವನು ಬಡಗಿ. ದಿನದ ಮುಕ್ಕಾಲು ಭಾಗ ಬಾಯಲ್ಲಿ ಮೊಳೆ ಕಚ್ಚಿಕೊಂಡಿರುವುದರಿಂದ ಅವನ ಜೊತೆ ಹರಟೆ ಸಾಧ್ಯವಿರಲಿಲ್ಲ. ಮೂರೇ ವಾರಕ್ಕೆ ಅಕ್ಕನಿಗೆ ಆ ಮೌನ ಎಷ್ಟು ಚುಚ್ಚಿತೆಂದರೆ, ಗೋಡೆ ಗಡಿಯಾರದ ಜೊತೆ ಜಗಳಕ್ಕಿಳಿದಳು. ನಾಲ್ಕನೆಯ ವಾರ ಲೈಬ್ರರಿಗೆ ಹೋದವಳು ಮಹಡಿಯ ಕೋಣೆಯಲ್ಲಿ, ಹರಿದ ನಕಾಶೆಗಳ ಹಿಂದೆ, ಒಂದು ಪಿಯಾನೊ ಕಂಡಳು. ಅದನ್ನು ಅಲ್ಲಿಗೆ ಯಾರು ಏರಿಸಿದರೋ, ಅಷ್ಟು ಇಕ್ಕಟ್ಟಾದ ಮೆಟ್ಟಿಲಲ್ಲಿ ಹೇಗೆ ಏರಿಸಿದರೋ, ಯಾರಿಗೂ ಗೊತ್ತಿರಲಿಲ್ಲ. ಮೊದಲು ಪಿಯಾನೊ ನಿಲ್ಲಿಸಿ ಆಮೇಲೆ ಅದರ ಸುತ್ತ ಲೈಬ್ರರಿ ಕಟ್ಟಿದರು ಎಂಬುದೇ ಇದ್ದುದರಲ್ಲಿ ನಂಬಬಹುದಾದ ವಿವರಣೆಯಾಗಿತ್ತು.

ಅವಳಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಒಂದೊಂದೇ ಕೀ ಒತ್ತಿ, ಕಿವಿಗೊಟ್ಟು, ಯಾರ ಫೋನು ಎಲ್ಲಿದೆ ಎಂದು ಹುಡುಕುವ ಹಾಗೆ ಮಟ್ಟುಗಳನ್ನು ಹುಡುಕಿಕೊಂಡಳು. ಆರು ತಿಂಗಳಲ್ಲಿ ಅವಳು ಕೇಳಿದ್ದೆಲ್ಲ ಅವಳ ಬೆರಳಿಗೆ ಬಂತು. ವರ್ಷ ತುಂಬುವುದರಲ್ಲಿ ಐದರಿಂದ ಒಂಬತ್ತು ವರ್ಷದ ಮಕ್ಕಳು ಸಂಜೆ ನಾಲ್ಕೂವರೆಗೆ ಆ ಮೆಟ್ಟಿಲು ಹತ್ತತೊಡಗಿದರು. ಆ ಸದ್ದಿಗೆ ಕೆಳಗಿನ ಕಪಾಟಿನ ನಿಘಂಟುಗಳು ಒಂದೊಂದು ಅಂಗುಲ ಮುಂದೆ ಬರುತ್ತಿದ್ದವು.

ಅವಳ ಪಾಠದಲ್ಲಿ ಪುಸ್ತಕವಿರಲಿಲ್ಲ. ಮೊದಲ ತಿಂಗಳು ಮಗು ಪಿಯಾನೊ ಮುಟ್ಟುವಂತೆಯೇ ಇಲ್ಲ. ಬೆನ್ನು ತಿರುಗಿಸಿ ನೆಲದ ಮೇಲೆ ಕೂತು, ಮೆಟ್ಟಿಲು ಹತ್ತುತ್ತಿರುವವರು ಯಾರು, ಅವರ ಚಪ್ಪಲಿ ಎಷ್ಟು ಹಳೆಯದು, ಅವರು ತಡವಾಗಿ ಬರುತ್ತಿರುವುದು ಸುಳ್ಳು ಕಾರಣಕ್ಕೋ ನಿಜವಾದ ಕಾರಣಕ್ಕೋ ಹೇಳಬೇಕು. ಅದು ಬಂದ ಮೇಲೆ ಸ್ವರಗಳ ಪರಿಚಯ. ಸ್ವರಗಳಿಗೆ ಅಜ್ಜಿ ಬೇರೆ ಹೆಸರಿಟ್ಟಿದ್ದಳು. ನಡುವಿನ ಏಳು ಬಿಳಿ ಕೀಗಳು ಒಂದು ಮನೆ. ಎಡದಿಂದ ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಮಾವ, ಅತ್ತೆ, ತಂಗಿ. ಅದರ ಬಲಕ್ಕೆ ಪಕ್ಕದ ಮನೆ, ಅಲ್ಲೂ ಅದೇ ನೆಂಟರು, ಧ್ವನಿ ಮಾತ್ರ ಕೀಚಲು. ಎಡಕ್ಕೆ ಕೆಳಗಿನ ಮನೆ, ಅಲ್ಲಿ ಎಲ್ಲರಿಗೂ ನೆಗಡಿ. ಅಜ್ಜಿ ಒಂದು ಮಟ್ಟು ನುಡಿಸಿದರೆ ಮಕ್ಕಳು ಬೆನ್ನು ತಿರುಗಿಸಿ ಕೂತಲ್ಲೇ ಕೂಗುತ್ತಿದ್ದರು. “ಅಪ್ಪ ಅಮ್ಮನ್ನ ಕರೆದ! ಅಮ್ಮ ಬರ್ಲಿಲ್ಲ! ಅತ್ತೆ ಬಂದ್ಲು! ಅಜ್ಜ ಮಲಗಿಬಿಟ್ಟ!”

ಎಂಟು ವಾರದಲ್ಲಿ ಹಾಲುಹಲ್ಲು ಬೀಳದ ಮಗುವೂ ಒಮ್ಮೆ ಕೇಳಿದ ಮಟ್ಟನ್ನು ನುಡಿಸಿಬಿಡುತ್ತಿತ್ತು.

ಹತ್ತೊಂಬತ್ತು ವರ್ಷ ಹೀಗೆ ನಡೆಯಿತು. ಇಪ್ಪತ್ತನೆಯ ವರ್ಷ ಲೈಬ್ರರಿ ಸಮಿತಿಗೆ ಹೊಸ ಕಾರ್ಯದರ್ಶಿ ಬಂದರು. ಔಷಧಿ ಅಂಗಡಿಯ ಮಾಲೀಕರು. ಲೇಬಲ್ ಇಲ್ಲದ ಯಾವ ವಸ್ತುವನ್ನೂ ನಂಬುವವರಲ್ಲ. ಒಂದು ಸಂಜೆ ಮಹಡಿ ಹತ್ತಿ ಬಂದು ಬಾಗಿಲಲ್ಲಿ ನಿಂತರು.

“ಅಮ್ಮಾ, ಈ ಮಕ್ಕಳ ಹತ್ರ ಪುಸ್ತಕ ಇಲ್ವಲ್ಲ?”

“ಇಲ್ಲ ಸ್ವಾಮಿ. ಕಿವಿ ಇದೆ. ತಲಾ ಎರಡು.”

“ಸ್ವರಲಿಪಿ ಇಲ್ದೆ ಸಂಗೀತ ಕಲಿಸೋದು ಅಂದ್ರೆ ಚೀಟಿ ಇಲ್ದೆ ಮಾತ್ರೆ ಕೊಟ್ಟ ಹಾಗೆ.”

“ನಿಮ್ಮ ಅಂಗಡೀಲಿ ಕೊಡೋದಿಲ್ವಾ ಹಾಗಾದ್ರೆ?”

ಕಾರ್ಯದರ್ಶಿಗಳು ಕೆಮ್ಮಿದರು. ಸಮಿತಿ ತೀರ್ಮಾನ ಮಾಡಿಯಾಗಿದೆ, ಈ ಕೋಣೆಯಲ್ಲಿ ಪುಸ್ತಕ, ಪ್ರಮಾಣಪತ್ರ ಎಲ್ಲ ಇರುವ ಶಿಸ್ತಿನ ತರಗತಿ ಶುರುವಾಗಬೇಕು ಎಂದರು. ಆ ತರಗತಿ ನಡೆಸುವವನು ತಮ್ಮ ಅಳಿಯ ಎಂಬುದನ್ನು ಬಹಳ ಮೆಲ್ಲಗೆ ಹೇಳಿದರು. ಅಜ್ಜಿಗೆ ಅದು ಸಹಜವಾಗಿಯೇ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸಿತು.

“ಆದ್ರೂ ನಾವು ಅನ್ಯಾಯ ಮಾಡೋರಲ್ಲ. ಸಂಗೀತ ಕಾಲೇಜಿನಿಂದ ಪರೀಕ್ಷಕರು ಬರ್ತಾರೆ. ಕೆಳಗಿನ ಹಾಲ್‌ನಲ್ಲಿ ದಾನಿಗಳು ಕೊಟ್ಟ ಹೊಸ ಪಿಯಾನೊ ಇದೆಯಲ್ಲ, ಅದರ ಮೇಲೆ ನಿಮ್ಮ ಹನ್ನೆರಡೂ ಮಕ್ಕಳು ನುಡಿಸಲಿ. ಒಂದು ಸ್ವರಾನೂ ಬಿಡಬಾರದು. ಅವರು ಸರಿ ಅಂದ್ರೆ ಕೋಣೆ ನಿಮ್ಮದು. ಇಲ್ಲಾಂದ್ರೆ ತಿಂಗಳ ಕೊನೆಗೆ ಖಾಲಿ.”

“ಒಂದು ಸಲ ಆ ಪಿಯಾನೊ ಮೇಲೆ ಮಕ್ಕಳ ಕೈ ಆಡಿಸಿಕೊಳ್ಲಾ?”

“ಬೇಡಿ. ಧೂಳಾಗುತ್ತೆ.”

ಆ ರಾತ್ರಿ ಊಟಕ್ಕೆ ಕೂತಾಗ ಅಜ್ಜಿಯ ತಮ್ಮ ಮೊಳೆಗಳನ್ನು ಬಾಯಿಂದ ತೆಗೆದು ಸಾಲಾಗಿ ತಟ್ಟೆಯ ಪಕ್ಕ ಇಟ್ಟು, “ಏನಕ್ಕಾ, ಮುಖ ಹಲಗೆ ಆಗಿದೆ?” ಎಂದ.

ಅವಳು ಹೇಳಿದಳು.

“ಹೋಗ್ಲಿ ಬಿಡು. ಕೋಣೆ ಹೋದ್ರೆ ಮನೇಲೇ ಕಲಿಸು.”

“ಪಿಯಾನೊ ಯಾರೋ ಇಳಿಸ್ತಾರೆ? ನೀನಾ? ನಿನಗೆ ನಮ್ಮ ಬಚ್ಚಲ ಬಾಗಿಲು ಕೂರಿಸೋಕೆ ನಾಲ್ಕು ವರ್ಷ ಬೇಕಾಯ್ತು. ಅದೂ ತಲೆಕೆಳಗಾಗಿ ಕೂರಿಸಿದೆ.”

“ಮುಚ್ಚಿಕೊಳ್ಳತ್ತೆ ತಾನೆ?”

“ಮಕ್ಕಳಿಲ್ದೆ ನಾಲ್ಕೂವರೆ ಗಂಟೆ ಹೆಂಗಿರತ್ತೆ ಗೊತ್ತೇನೋ ನಿನಗೆ? ನನಗೆ ಗೊತ್ತು. ಇಪ್ಪತ್ತು ವರ್ಷದ ಹಿಂದೆ ಮೂರು ವಾರ ಕೇಳಿದೀನಿ ಅದನ್ನ.” ಅವಳು ತಟ್ಟೆ ಸರಿಸಿದಳು. ಆಮೇಲೆ ತಾನೇ ತನ್ನನ್ನು ಎತ್ತಿ ನಿಲ್ಲಿಸಿಕೊಂಡಳು. “ಆದ್ರೂ ಭಯ ಯಾಕೆ? ನನ್ನ ಮಕ್ಕಳು ತಪ್ಪು ನುಡಿಸೋಕೆ ಅವರಿಗೆ ತಪ್ಪು ಕಲಿಸಿದವರು ಯಾರಾದ್ರೂ ಇರ್ಬೇಕಲ್ಲ.”

ಪರೀಕ್ಷೆಯ ದಿನ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಮಿತಿ, ಹಿಂದೆ ಅಪ್ಪ ಅಮ್ಮಂದಿರು, ಕೊನೆಯಲ್ಲಿ ಬಾಗಿಲಿಗೆ ಒರಗಿ ಬಡಗಿ ತಮ್ಮ. ಪರೀಕ್ಷಕಿ ಗರಿಗರಿಯಾದ ಬಟ್ಟೆಯ ತೆಳ್ಳನೆಯ ಹೆಂಗಸು. ಕೈಯಲ್ಲಿ ಪೆನ್ಸಿಲು, ಮುಂದೆ ಶ್ರುತಿ ನೋಡುವ ಉಕ್ಕಿನ ಕವಲುಕಡ್ಡಿ. ಹೊಸ ಪಿಯಾನೊದ ಬಟ್ಟೆ ತೆಗೆದಾಗ ಅದು ಎಷ್ಟು ಹೊಳೆಯಿತೆಂದರೆ ಮುಂದಿನ ಸಾಲಿನಲ್ಲಿ ಇಬ್ಬರು ತಲೆ ಬಾಚಿಕೊಂಡರು.

ಮೊದಲು ದರ್ಜಿಯ ಮಗ, ಏಳು ವರ್ಷದ ಗುಂಡ, ಸ್ಟೂಲು ಹತ್ತಿದ. ಪರೀಕ್ಷಕಿ ಅವನು ಹಿಂದೆಂದೂ ಕೇಳದ ಒಂದು ಮಟ್ಟನ್ನು ಒಮ್ಮೆ ನುಡಿಸಿದಳು. ಗುಂಡ ತಲೆಯಾಡಿಸಿ, ಕೈ ಎತ್ತಿ, ಒಂದು ಚೂರೂ ತಡವರಿಸದೆ ಅದನ್ನು ವಾಪಸು ನುಡಿಸತೊಡಗಿದ. ಅರ್ಧ ಮಟ್ಟು ಮುಗಿಯುವಷ್ಟರಲ್ಲಿ ಗುಂಡ ಬೆರಳನ್ನು ಗಾಳಿಯಲ್ಲಿ ನಿಲ್ಲಿಸಿ, ಗಂಭೀರವಾಗಿ, “ಹೂಂ” ಎಂದ. ಮತ್ತೆ ನುಡಿಸಿದ. ಮತ್ತೊಮ್ಮೆ “ಹೂಂ.” ಕೊನೆಯಲ್ಲಿ “ಹೂಂ, ಹೂಂ” ಎಂದು ಎರಡು ಸಲ ಹೇಳಿ ಇಳಿದು ಹೋದ.

ಪರೀಕ್ಷಕಿ ಪೆನ್ಸಿಲು ಕೆಳಗಿಟ್ಟಳು. ಮಗುವಿಗೆ ಎಲ್ಲೋ ನೋವು ಎಂದುಕೊಂಡಿರಬೇಕು. ಎರಡನೆಯ ಮಗುವನ್ನು ಕರೆದಳು. ಅದೂ ಅದೇ ಜಾಗದಲ್ಲಿ ಬೆರಳೆತ್ತಿ “ಹೂಂ” ಎಂದಿತು. ಮೂರನೆಯದು, ನಾಲ್ಕನೆಯದು, ಐದನೆಯದು. ಮಟ್ಟು ಬದಲಿಸಿದಳು, ಹೂಂ ಬಿಡಲಿಲ್ಲ. ಕಾರ್ಯದರ್ಶಿಗಳ ಮುಖ ಹಬ್ಬಿ ಹಬ್ಬಿ ಎರಡು ಕುರ್ಚಿಯಷ್ಟಾಯಿತು. ಇಡೀ ಹಾಲ್‌ನಲ್ಲಿ ಏನೂ ವಿಚಿತ್ರ ಕೇಳಿಸದೆ, ಕಣ್ಣು ಮುಚ್ಚಿ, ತೃಪ್ತಿಯಿಂದ ತಲೆದೂಗುತ್ತಿದ್ದವಳು ಅಜ್ಜಿ ಒಬ್ಬಳೇ.

ಆರನೆಯವಳು ಗುಬ್ಬಿ, ಬೇಕರಿಯವನ ಮಗಳು. ಆರು ವರ್ಷ, ಮುಂದಿನ ನಾಲ್ಕು ಹಲ್ಲು ರಜೆಯಲ್ಲಿದ್ದವು. ಮೊದಲ ಹೂಂ ಬಂದ ಕೂಡಲೇ ಪರೀಕ್ಷಕಿ ಕೈ ಹಿಡಿದಳು.

“ಪುಟ್ಟಾ, ಇಲ್ಲಿ ಯಾಕಮ್ಮಾ ಹೂಂ ಅಂತೀಯ? ಈ ಕೀ ಒತ್ತಬೇಕಲ್ವಾ?”

ಗುಬ್ಬಿ ಅವಳನ್ನು ಕನಿಕರದಿಂದ ನೋಡಿದಳು. “ಅದು ಮಾವ.”

“ಯಾರು?”

“ಮಾವ. ಮಾವ ಮಾತಾಡಲ್ಲ. ಪಕ್ಕದಲ್ಲೇ ಅತ್ತೆ ಇದ್ದಾಳಲ್ಲ, ಅದಕ್ಕೆ. ಮಾವಂದು ನಾವೇ ಹೇಳ್ಬೇಕು.”

ಹಿಂದಿನ ಸಾಲುಗಳಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟರು, ಗಂಡಸರು ಹೊರಗಡೆ ನೋಡಿದರು.

ವಿಷಯ ಇಷ್ಟೇ. ಮಹಡಿಯ ಪಿಯಾನೊದಲ್ಲಿ ಎಡದಿಂದ ಎಣಿಸಿದರೆ ಇಪ್ಪತ್ತೆಂಟನೆಯ ಬಿಳಿ ಕೀ ಸತ್ತುಹೋಗಿತ್ತು. ಒತ್ತಿದರೆ ಒಳಗಿನ ಮುರಿದ ಸುತ್ತಿಗೆ ‘ಟಕ್’ ಎನ್ನುತ್ತಿತ್ತು, ಅಷ್ಟೇ. ಪಾಠ ಶುರುವಾದ ಮೊದಲ ವರ್ಷವೇ ತಮ್ಮ ಅದನ್ನು ನೋಡಿ, ಬರುವ ಭಾನುವಾರ ಸರಿ ಮಾಡುತ್ತೇನೆ ಎಂದಿದ್ದ. ಆ ಭಾನುವಾರ ಬರುವವರೆಗೆ ಇರಲಿ ಎಂದು ಅಜ್ಜಿ ಆ ಸ್ವರವನ್ನು ಬಾಯಲ್ಲಿ ಹೇಳತೊಡಗಿದಳು. ಒಂದು ಸಾವಿರ ಭಾನುವಾರ ಬಂದುಹೋದವು. ಹೇಳಿ ಹೇಳಿ ಅವಳ ಕಿವಿಗೆ ಆ ಸ್ವರ ಪಿಯಾನೊದಿಂದ ಬರುತ್ತಿದೆಯೋ ತನ್ನ ಗಂಟಲಿನಿಂದಲೋ ಎಂಬ ಭೇದವೇ ಅಳಿಸಿತು. ಮಕ್ಕಳು ಕೇಳಿದ್ದನ್ನು ಕೇಳಿದ ಹಾಗೆ ಕಲಿತರು. ಅವಳ ಹಳೆಯ ಶಿಷ್ಯೆಯೊಬ್ಬಳು ಮದುವೆಯಾಗಿ ಹೋದ ಊರಿನಿಂದ, ಇಲ್ಲಿಯ ಪಿಯಾನೊಗಳಲ್ಲಿ ಒಂದು ಸ್ವರ ಜಾಸ್ತಿ ಇದೆ ಎಂದು ಕಾಗದ ಬರೆದಾಗಲೂ ಅಜ್ಜಿ, ಆ ಊರಿನವರಿಗೆ ಎಲ್ಲದರಲ್ಲೂ ದುರಾಸೆ ಎಂದುಕೊಂಡು ಮಡಿಸಿಟ್ಟಿದ್ದಳು.

“ಏನೋ ಹೊಸ ವಾದ್ಯ ನೋಡಿ ಮಕ್ಕಳು ಹೆದರಿವೆ. ಏಳೇ ಗುಬ್ಬಿ, ನಾನು ತೋರಿಸ್ತೀನಿ,” ಎಂದು ಅಜ್ಜಿ ಎದ್ದು ಬಂದಳು. ಸ್ಟೂಲಿನ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ಅದೇ ಮಟ್ಟನ್ನು ಗತ್ತಿನಿಂದ ಶುರುಮಾಡಿದಳು. ಅಜ್ಜ ಬಂದ, ಅಪ್ಪ ಬಂದ, ಅಮ್ಮ ಬಂದಳು.

“ಹೂಂ,” ಎಂದಳು ಅಜ್ಜಿ.

ಹಾಲ್ ಸಿಡಿಯಿತು. ಆ ನಗೆಗೆ ಹೊರಗೆ ನಿಲ್ಲಿಸಿದ್ದ ಮೂರು ಸೈಕಲ್ಲು ಮಗುಚಿದವಂತೆ. ಅಜ್ಜಿ ಮಾತ್ರ ತನ್ನ ಬೆರಳನ್ನು ನೋಡುತ್ತಿದ್ದಳು. ಅದು ಗಾಳಿಯಲ್ಲಿ, ಯಾರದೋ ಬೆರಳಿನ ಹಾಗೆ, ನಿಂತುಬಿಟ್ಟಿತ್ತು. ಅದನ್ನು ನಿಧಾನವಾಗಿ ಇಳಿಸಿ ಕೀ ಒತ್ತಿದಳು. ದುಂಡನೆಯ, ಬೆಚ್ಚನೆಯ ಸ್ವರವೊಂದು ಎದ್ದು ಹಾಲ್‌ನ ಮೂಲೆ ಮೂಲೆಗೆ ಹೋಗಿ ಬಂತು.

“ಅಯ್ಯೋ! ಮಾವ ಮಾತಾಡ್ದ!” ಎಂದು ಗುಬ್ಬಿ ಕಿರುಚಿದಳು. ಹನ್ನೆರಡು ಮಕ್ಕಳೂ ನುಗ್ಗಿ ಬಂದು ಆ ಒಂದೇ ಕೀಯ ಮೇಲೆ ಬೆರಳಿಟ್ಟರು.

ಹಿಂದಿನಿಂದ ತಮ್ಮನ ಧ್ವನಿ ಬಂತು. “ಅಕ್ಕಾ, ಕಿವಿ ಬಿಚ್ಚಿ ಯಾರಿಗೆ ಕೊಡ್ತೀಯ? ಇಲ್ಲಿ ಹನ್ನೆರಡು ಜನ ಇದಾರೆ, ಇರೋದು ಎರಡೇ.”

ಕಾರ್ಯದರ್ಶಿಗಳು ಎದ್ದು ನಿಂತಿದ್ದರು. “ಇನ್ನೇನು ಉಳೀತು ಮೇಡಂ? ಒಂದಲ್ಲ, ನುಡಿಸಿದ ಪ್ರತಿ ಮಗುವೂ ಸ್ವರ ಬಿಟ್ಟಿದೆ. ಬರೆದುಬಿಡಿ.”

ಪರೀಕ್ಷಕಿ ಬರೆಯಲಿಲ್ಲ. ಕವಲುಕಡ್ಡಿಯನ್ನು ಕಿವಿಗೆ ಹಿಡಿದು, ಗುಬ್ಬಿಯ ಕಡೆ ಬಾಗಿ, ಇನ್ನೊಮ್ಮೆ ಹೂಂ ಅನ್ನಿಸಿದಳು. ಆಮೇಲೆ ಗುಂಡನ ಕೈಲಿ ಅನ್ನಿಸಿದಳು. ಹುಬ್ಬೇರಿಸಿ, “ಕಾಲು ಗಂಟೆ ವಿರಾಮ. ಆಮೇಲೆ ಎಲ್ಲರೂ ಮತ್ತೆ ನುಡಿಸಲಿ. ಈ ಸಲ ಬಿಟ್ಟರೆ ಬಿಟ್ಟಂತೆಯೇ,” ಎಂದಳು.

ಅಜ್ಜಿ ಮಕ್ಕಳನ್ನು ಪಿಯಾನೊ ಸುತ್ತ ಕೂರಿಸಿಕೊಂಡಳು. ಗಂಟಲು ಸರಿಮಾಡಿಕೊಂಡಳು. ಹತ್ತೊಂಬತ್ತು ವರ್ಷದಲ್ಲಿ ಹೇಳದ ಮಾತು ಹೇಳಿದಳು.

“ತಪ್ಪು ನಂದು ಮಕ್ಕಳಾ. ನಿಮ್ಮದಲ್ಲ. ಮಾವ ಮಾತಾಡ್ತಾನೆ. ನಮ್ಮ ಮನೆ ಮಾವನಿಗೆ ಮಾತ್ರ ಹುಷಾರಿಲ್ಲ.”

“ಹಾಗಾದ್ರೆ ನಿನ್ನ ಕಿವಿ ತಪ್ಪಾ ಅಜ್ಜಿ?” ಎಂದಳು ಗುಬ್ಬಿ.

“ಕಿವಿ ಸರಿಯಾಗೇ ಇದೆ ಕಣೇ. ಕಿವಿ ಇಟ್ಕೊಂಡಿರೋಳಿಗೆ ಕೊಬ್ಬು ಜಾಸ್ತಿ ಆಗಿತ್ತು.”

ಹೇಳುವುದು ಸುಲಭವಾಗಿತ್ತು. ಗುಂಡ ನುಡಿಸಿದ. ಈ ಸಲ ಕೀ ಒತ್ತಿದ, ಜೊತೆಗೆ ಹೂಂ ಎಂದೂ ಅಂದ. ಎಲ್ಲರೂ ಹಾಗೇ. ಬೆರಳು ಕಲಿಯಿತು, ಬಾಯಿ ಕೇಳಲಿಲ್ಲ. ಅಜ್ಜಿ ತಾನೇ ಮೂರು ಸಲ ಪ್ರಯತ್ನಿಸಿ ಮೂರು ಸಲವೂ ಹೂಂಗುಟ್ಟಿದಳು. ಹತ್ತು ನಿಮಿಷ ಕಳೆಯಿತು. ನಾಲ್ಕೂವರೆಯ ಆ ಮೂರು ವಾರಗಳ ಸದ್ದಿಲ್ಲದ ಸದ್ದು ಅಜ್ಜಿಗೆ ಆಗಲೇ ಕೇಳಿಸುತ್ತಿತ್ತು.

ಆಗ ತಮ್ಮ ಬಾಗಿಲು ಬಿಟ್ಟು ಬಂದ. “ಅಕ್ಕಾ, ನನ್ನ ಬಾಯಲ್ಲಿ ಮೊಳೆ ಇದ್ದಾಗ ನೀನು ಎಷ್ಟೇ ಬೈದ್ರೂ ನಾನು ತಿರುಗಿ ಮಾತಾಡಿದ್ದುಂಟಾ?”

“ಮಕ್ಕಳ ಬಾಯಿಗೆ ಮೊಳೆ ಕೊಡ್ತೀಯೇನೋ ಪಾಪಿ!”

“ಮೊಳೆ ಬೇಡ. ನೀರು.”

ಮೂಲೆಯಲ್ಲಿ ಓದುಗರಿಗಾಗಿ ಇಟ್ಟ ಕುಡಿಯುವ ನೀರಿನ ಡ್ರಮ್ಮಿಗೆ ಹನ್ನೆರಡು ಮಕ್ಕಳು ಸಾಲು ನಿಂತರು. ಪರೀಕ್ಷಕಿ ವಾಪಸು ಬಂದಾಗ ಹನ್ನೆರಡು ಜೊತೆ ಕೆನ್ನೆಗಳು ಬುಗ್ಗೆಯಾಗಿ ಊದಿದ್ದವು. ಮಕ್ಕಳಿಗೆ ಧೈರ್ಯವಿರಲಿ ಎಂದು ಅಜ್ಜಿಯೂ ಬಾಯಿತುಂಬ ನೀರು ತುಂಬಿಕೊಂಡು ಮುಂದೆ ಕೂತಿದ್ದಳು. ಯಾಕೆ ಎಂದು ಪರೀಕ್ಷಕಿ ಕೇಳಿದಳು. ಉತ್ತರ ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಗುಂಡ ಸ್ಟೂಲು ಹತ್ತಿದ. ಅಜ್ಜ, ಅಪ್ಪ, ಅಮ್ಮ, ಮಾವ! ಅವನ ಕಣ್ಣು ದೊಡ್ಡದಾಯಿತು, ಕೆನ್ನೆ ನಡುಗಿತು, ಗಂಟಲಲ್ಲಿ ಏನೋ ಗುಳುಗುಳು ಎಂದಿತು, ಆದರೆ ಹೊರಗೆ ಬರಲಿಲ್ಲ. ಮಾವ ತಾನೇ ಮಾತಾಡಿದ. ಎರಡನೆಯ ಮಗು, ಮೂರನೆಯದು, ಎಲ್ಲೂ ತಪ್ಪಲಿಲ್ಲ. ಅಷ್ಟು ವರ್ಷ ಮೂಕನಾಗಿದ್ದ ಮಾವನಿಗೆ ಬಾಯಿ ಬಂದ ಖುಷಿಯಲ್ಲಿ ಎಲ್ಲರೂ ಆ ಕೀಯನ್ನು ಉಳಿದ ನೆಂಟರಿಗಿಂತ ಇಮ್ಮಡಿ ಜೋರಾಗಿ ಒತ್ತಿದರು ಎಂಬುದೊಂದೇ ದೋಷ. ಒಂಬತ್ತನೆಯ ಹುಡುಗ ಮುಗಿಸಿ ಇಳಿಯುವಾಗ ಕಾರ್ಯದರ್ಶಿಗಳ ಮುಖ ನೋಡಿ ನಗು ತಡೆಯಲಾರದೆ ತನ್ನ ಪಾಲಿನ ನೀರನ್ನೆಲ್ಲ ಅವರ ಇಸ್ತ್ರಿ ಅಂಗಿಗೆ ಅರ್ಪಿಸಿದ. ನುಡಿಸಿಯಾಗಿತ್ತಾದ್ದರಿಂದ ಅಂಕ ಹೋಗಲಿಲ್ಲ.

ಈ ಸಲ ಕೊನೆಗೆ ಉಳಿದವಳು ಗುಬ್ಬಿ. ಹಲ್ಲಿಲ್ಲದ ಜಾಗದಿಂದ ನೀರು ತೊಟ್ಟಿಕ್ಕುತ್ತಿತ್ತು. ಮಟ್ಟು ಮುಗಿಯುವ ಹೊತ್ತಿಗೆ ಬಾಯಿ ಪೂರ್ತಿ ಖಾಲಿಯಾಗಿತ್ತು. ಮಟ್ಟಿನ ಕೊನೆಯ ಸಾಲಿನಲ್ಲಿ ಮಾವ ಇನ್ನೂ ಎರಡು ಸಲ ಬರಬೇಕಿತ್ತು. ಅಜ್ಜಿ ಕುರ್ಚಿಯ ತುದಿಗೆ ಬಂದಳು. ಗುಬ್ಬಿ ಎಡಗೈಯಿಂದ ತನ್ನ ಎರಡೂ ತುಟಿಗಳನ್ನು ಹಿಂಡಿ ಹಿಡಿದುಕೊಂಡು, ಬಲಗೈಯ ಒಂದು ಬೆರಳಲ್ಲಿ ಮಾವನನ್ನು ಎರಡು ಸಲ ಮಾತಾಡಿಸಿ, ಇಳಿದಳು.

ಪರೀಕ್ಷಕಿ ಬರೆದದ್ದನ್ನು ಓದಿದಳು. “ಹನ್ನೆರಡೂ ಮಕ್ಕಳು ಸ್ವರ ಬಿಡದೆ ನುಡಿಸಿದ್ದಾರೆ. ಮೊದಲ ಸುತ್ತಿನಲ್ಲಿ ಬಾಯಲ್ಲಿ ಹೇಳಿದ ಸ್ವರವೂ ಪ್ರತಿ ಸಲ ಕೂದಲೆಳೆಯಷ್ಟೂ ಆಚೀಚೆಯಾಗಿರಲಿಲ್ಲ. ನಮ್ಮ ಕಾಲೇಜಿನ ಮೂರನೆಯ ವರ್ಷದವರಿಗೂ ಇದು ಬರುವುದಿಲ್ಲ. ತರಗತಿ ಮುಂದುವರಿಯಲಿ. ಆ ಹಳೆಯ ಪಿಯಾನೊಗೆ ಸುತ್ತಿಗೆ ಹಾಕಿಸಿ.”

ಅಪ್ಪ ಅಮ್ಮಂದಿರು ಚಪ್ಪಾಳೆ ತಟ್ಟಿದರು. ಬಡಗಿ ತಮ್ಮ, ಬರುವ ಭಾನುವಾರ ಖಂಡಿತ, ಎಂದು ಕೂಗಿದ. ಅಂಗಿ ಹಿಂಡಿಕೊಳ್ಳುತ್ತಿದ್ದ ಕಾರ್ಯದರ್ಶಿಗಳು ಅಜ್ಜಿಯ ಎದುರಿಗೆ ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

“ಆಯ್ತಮ್ಮಾ, ಕೋಣೆ ಇಟ್ಕೊಳ್ಳಿ. ಆದ್ರೆ ಒಂದು ಮಾತು. ಒಂದು ಕೀ ಹತ್ತೊಂಬತ್ತು ವರ್ಷ ಉಸಿರೇ ಎತ್ತದೆ ಕೂತಿದೆ, ಅದು ನಿಮಗೆ ಗೊತ್ತಾಗ್ಲಿಲ್ಲ. ಇಷ್ಟು ದೊಡ್ಡ ಕಿವಿಗೆ ನಾಚಿಕೆ ಆಗಲ್ವಾ?”

ಅಜ್ಜಿಯ ಬಾಯಲ್ಲಿ ಇನ್ನೂ ನೀರಿತ್ತು. ಅವಸರವಿಲ್ಲದೆ ಮೂರು ಗುಟುಕಿಗೆ ಅದನ್ನು ನುಂಗಿ, ಮುಂದಿನ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು.

“ನಾಚಿಕೆ ಆಗತ್ತೆ ಸ್ವಾಮಿ. ಆದ್ರೆ ನನ್ನ ಪೆಟ್ಟಿಗೇಲಿ ಐವತ್ತೆರಡು ಬಿಳಿ ಕೀ, ಸುಮ್ಮನೆ ಕೂತಿದ್ದು ಒಂದು. ನಿಮ್ಮ ಸಮಿತೀಲಿ ಇರೋದು ಒಂಬತ್ತು ಜನ, ಎಂಟು ಜನರ ಮಾತು ನೀವೇ ಆಡ್ತೀರಿ. ನನ್ನದನ್ನ ಭಾನುವಾರ ನನ್ನ ತಮ್ಮ ರಿಪೇರಿ ಮಾಡ್ತಾನೆ. ನಿಮ್ಮದಕ್ಕೂ ಕಳಿಸ್ಲಾ?”